ಪಲ್ಲಕ್ಕಿ ಹೊರುವವನಿಗೆ ದಾರಿ ಗೊತ್ತು, ನಕ್ಷೆ ಏಕೆ?

ವಿಜ್ಞಾನಕ್ಕೆ ಬುದ್ಧಿ ಬೇಕು, ಶ್ರಮ ಬೇಕು, ಹಣವೂ ಬೇಕು. ಆ ಹಣವನ್ನು ಸರ್ಕಾರದಿಂದ ಕೇಳಿ ಪಡೆಯುವುದೂ ಒಂದು ವಿದ್ಯೆ. ಇನ್ನೂರಿಪ್ಪತ್ತೈದು ವರ್ಷಗಳ ಹಿಂದೆ ಕೃಷ್ಣರಾಜಪುರದ ಬಯಲಿನಲ್ಲಿ ಫಲ ಕೊಟ್ಟ ಒಂದು ಅರ್ಜಿಯ ಕಥೆ ಇಂದಿನ ವಿದ್ಯಾರ್ಥಿಗಳಿಗೂ ಪಾಠವಾಗಬಲ್ಲದು.

ಕೃಷ್ಣರಾಜಪುರದ ತೂಗುಸೇತುವೆಯ ಬಳಿ ವಾಹನಗಳ ನಡುವೆ ಸಿಕ್ಕಿ ಗಡಿಯಾರ ನೋಡಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ, ಹಿಮಾಲಯದ ಎವರೆಸ್ಟ್ ಶಿಖರದ ಎತ್ತರವನ್ನು ಲೆಕ್ಕ ಹಾಕಿದ ಮಹಾ ಅಳತೆಗೆ ಮೊದಲ ಕೈ ಪಳಗಿದ್ದು ಈ ಸೀಮೆಯಲ್ಲಿ. 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಕೃಷ್ಣರಾಜಪುರದ ಕಡೆಯಿಂದ ಅಗರದವರೆಗೆ ಸುಮಾರು ಏಳೂವರೆ ಮೈಲಿ ನೆಲವನ್ನು ನೂರು ಅಡಿ ಉದ್ದದ ಉಕ್ಕಿನ ಸರಪಳಿಯಿಂದ ಅಳೆದ. ಆಗ ಇಲ್ಲಿ ಇಂದಿರಾನಗರವೂ ಇರಲಿಲ್ಲ, ದಂಡು ಪ್ರದೇಶವೂ ಇರಲಿಲ್ಲ. ಬ್ರಿಟಿಷ್ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ಹಲಸೂರಿನ ಬಳಿ ನೆಲೆಯೂರಿದ್ದು 1809ರ ಹೊತ್ತಿಗೆ. ಸುತ್ತಲೂ ಕೆರೆ, ಹೊಲ, ಕುರುಚಲು ಕಾಡು.

ಈ ಅಳತೆಯ ಕಥೆಯನ್ನು ಭೂಗೋಳದ ಪಾಠದಲ್ಲಿ ಕೇಳಿರಬಹುದು. ಆದರೆ ಪಾಠಪುಸ್ತಕ ಕೇಳದ ಪ್ರಶ್ನೆಯೊಂದಿದೆ. ಇದಕ್ಕೆ ಹಣ ಕೊಟ್ಟವರು ಯಾರು? ಸಾಮಾನ್ಯ ದರ್ಜೆಯ ಅಧಿಕಾರಿಯೊಬ್ಬನಿಗೆ ಅವರೇಕೆ ಕೊಟ್ಟರು?

ಉತ್ತರ ಸರಳ. ಆತ ಒಂದು ಅರ್ಜಿ ಬರೆದ.

ಒಂದು ಅರ್ಜಿ ಹುಟ್ಟಿದ ಬಗೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಗೆ ದಕ್ಷಿಣ ಭಾರತದ ದೊಡ್ಡ ಭಾಗದ ಮೇಲೆ ಹಿಡಿತ ಸಿಕ್ಕಿತು. ನೆಲ ಸಿಕ್ಕಿತು, ಆದರೆ ಯಾವ ಊರು ಎಲ್ಲಿದೆ ಎಂಬುದು ನಿಖರವಾಗಿ ತಿಳಿದಿರಲಿಲ್ಲ. ಲ್ಯಾಂಬ್ಟನ್ ಆ ಯುದ್ಧದಲ್ಲಿದ್ದವನು. ಒಂದು ರಾತ್ರಿ ನಡೆಯುತ್ತಿದ್ದ ಸೇನೆಯ ತುಕಡಿ ದಿಕ್ಕು ತಪ್ಪಿ ಶತ್ರುವಿನ ಶಿಬಿರದತ್ತಲೇ ಹೊರಟಿರುವುದನ್ನು ನಕ್ಷತ್ರಗಳನ್ನು ನೋಡಿ ಹೇಳಿದವನು. ಅದಕ್ಕೂ ಮೊದಲು ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹಲವು ವರ್ಷ ಕಾಲ ಕಳೆದಾಗ ಗಣಿತದ ಗ್ರಂಥಗಳನ್ನು ತಾನೇ ಓದಿ ಅರಗಿಸಿಕೊಂಡವನು. ಶಾಲೆಯಿಂದ ಬಂದ ಪದವಿಗಿಂತ ಸ್ವಂತ ಓದೇ ಆತನ ಬಂಡವಾಳ.

ಯುದ್ಧ ಮುಗಿದ ವರ್ಷವೇ ಲ್ಯಾಂಬ್ಟನ್ ಮದರಾಸು ಸರ್ಕಾರಕ್ಕೆ ಒಂದು ಪ್ರಸ್ತಾವ ಸಲ್ಲಿಸಿದ. ಪೂರ್ವದ ಕೋರಮಂಡಲ ಕರಾವಳಿಯಿಂದ ಪಶ್ಚಿಮದ ಮಲಬಾರ್ ಕರಾವಳಿಯವರೆಗೆ ತ್ರಿಭುಜಗಳ ಸರಣಿಯಿಂದ ನೆಲವನ್ನು ಅಳೆದು ಮುಖ್ಯ ಸ್ಥಳಗಳ ನೆಲೆಯನ್ನು ಖಚಿತಗೊಳಿಸುವುದು ಅದರ ಸಾರ. ಮೇಲಧಿಕಾರಿಯಾಗಿದ್ದ ಆರ್ಥರ್ ವೆಲ್ಲೆಸ್ಲಿ ಅದಕ್ಕೆ ಬೆಂಬಲ ಕೊಟ್ಟ. ಗವರ್ನರ್ ಲಾರ್ಡ್ ಕ್ಲೈವ್ 1800ರ ಆರಂಭದಲ್ಲಿ ಒಪ್ಪಿಗೆ ನೀಡಿದ. (ಈತ ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ಅಲ್ಲ, ಆತನ ಮಗ.)

ಹೈಸ್ಕೂಲು ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ತ್ರಿಭುಜದ ಒಂದು ಬಾಹು ಮತ್ತು ಕೋನಗಳು ಗೊತ್ತಾದರೆ ಉಳಿದೆರಡು ಬಾಹುಗಳನ್ನು ನೆಲದ ಮೇಲೆ ಅಳೆಯಬೇಕಾಗಿಲ್ಲ, ಕಾಗದದ ಮೇಲೆ ಲೆಕ್ಕ ಹಾಕಿದರೆ ಸಾಕು. ಆ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ, ಅದರ ಮೇಲೆ ಮತ್ತೊಂದು. ಹೀಗೆ ದೇಶವನ್ನೇ ದಾಟಬಹುದು. ಆದರೆ ಮೊದಲ ಬಾಹುವಿನ ಅಳತೆ ತಪ್ಪಿದರೆ ಮುಂದಿನದೆಲ್ಲ ತಪ್ಪು. ಆದ್ದರಿಂದಲೇ ಕೃಷ್ಣರಾಜಪುರ–ಅಗರದ ನಡುವೆ ಅಷ್ಟೊಂದು ಪಾಡು. ಸರಪಳಿಯನ್ನು ನೆಲಕ್ಕೆ ತಾಗದಂತೆ ಮರದ ದೋಣಿಗಳಲ್ಲಿ ಮಲಗಿಸಿ, ಭಾರ ಕಟ್ಟಿ ಬಿಗಿಗೊಳಿಸಿ, ಬಿಸಿಲಿಗೆ ಉಕ್ಕು ಹಿಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಉಷ್ಣಮಾಪಕ ಇಟ್ಟು, ಸುಮಾರು 390 ಸಲ ಎತ್ತಿ ಇಡಬೇಕಾಯಿತು. ಎರಡು ತಿಂಗಳು ಬೇಕಾದದ್ದು ಆಶ್ಚರ್ಯವಲ್ಲ. ಆ ಸರಪಳಿ ಹೊತ್ತ ಕೂಲಿಗಳ ಹೆಸರು ನಮ್ಮ ಪಾಠಪುಸ್ತಕಗಳಲ್ಲಿ ಇಲ್ಲ.

ಸರಪಳಿಯದೇ ಒಂದು ಕಥೆ. ಅದನ್ನು ಇಂಗ್ಲೆಂಡಿನಿಂದ ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಒಯ್ದಿದ್ದರು. ಅಲ್ಲಿ ಅದು ಬೇಡವಾಗಿ ಕಲ್ಕತ್ತೆಗೆ ಬಂತು, ಅಲ್ಲಿಂದ ಲ್ಯಾಂಬ್ಟನ್ ಕೈ ಸೇರಿತು. ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೊಡೊಲೈಟ್ ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಅದು ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಅಲ್ಲಿನ ಗವರ್ನರ್ ಗೌರವದಿಂದ ಮದರಾಸಿಗೆ ಕಳಿಸಿಕೊಟ್ಟ. ಹಣ ಮಂಜೂರಾದರೆ ಕೆಲಸ ಮುಗಿಯಿತು ಎಂದುಕೊಳ್ಳುವವರಿಗೆ ಇದು ನೆನಪಿರಲಿ. ಉಪಕರಣ ಸಮಯಕ್ಕೆ ಬಾರದಿರುವ ಕಷ್ಟ ಇಂದಿನ ಪ್ರಾಧ್ಯಾಪಕರಿಗೂ ತಪ್ಪಿಲ್ಲ.

ಆಕ್ಷೇಪಗಳು

ಹಣ ಕೊಡುವವರು ಪ್ರಶ್ನೆ ಕೇಳದೆ ಬಿಡುತ್ತಾರೆಯೇ? ಮದರಾಸಿನ ಹಣಕಾಸು ಸಮಿತಿಯ ಸದಸ್ಯರೊಬ್ಬರು, ಶ್ರೀರಂಗಪಟ್ಟಣಕ್ಕೆ ಹೋಗಬೇಕೆನ್ನುವವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಹೇಳಿದರೆ ಸಾಕು, ಆತ ಲ್ಯಾಂಬ್ಟನ್‌ನ ನಕ್ಷೆಯ ಹಂಗಿಲ್ಲದೆ ಕರೆದೊಯ್ಯುತ್ತಾನೆ ಎಂದು ವಾದಿಸಿದರಂತೆ. ಕೇಳಲು ನಗು ಬರುತ್ತದೆ. ಆದರೆ ಪ್ರಶ್ನೆ ಪೂರ್ತಿ ದಡ್ಡತನದ್ದಲ್ಲ. ಇರುವ ವ್ಯವಸ್ಥೆಯಿಂದ ಕೆಲಸ ನಡೆಯುತ್ತಿರುವಾಗ ಜನರ ತೆರಿಗೆಯ ಹಣವನ್ನು ನಿನಗೇಕೆ ಕೊಡಬೇಕು? ಇಂದಿಗೂ ಪ್ರತಿಯೊಬ್ಬ ಅರ್ಜಿದಾರ ಉತ್ತರಿಸಬೇಕಾದ ಪ್ರಶ್ನೆ ಇದೇ.

ಎರಡನೆಯ ಆಕ್ಷೇಪ ತಜ್ಞರಿಂದ ಬಂತು. ಭಾರತದ ನಕ್ಷೆ ಬರೆದು ಹೆಸರಾಗಿದ್ದ ಜೇಮ್ಸ್ ರೆನೆಲ್, ನಕ್ಷತ್ರಗಳನ್ನು ನೋಡಿ ಊರುಗಳ ನೆಲೆಯನ್ನು ಈಗಾಗಲೇ ಗೊತ್ತುಪಡಿಸಿರುವಾಗ ಇಷ್ಟು ಖರ್ಚಿನ ಅಳತೆ ಏಕೆ ಎಂದ. ಇಂಗ್ಲೆಂಡಿನ ರಾಜ ಖಗೋಳಜ್ಞ ನೆವಿಲ್ ಮಾಸ್ಕಲೈನ್ ಲ್ಯಾಂಬ್ಟನ್ ಪರವಾಗಿ ನಿಂತ. ಕೊನೆಗೆ ಉತ್ತರ ಕೊಟ್ಟದ್ದು ಮಾತಲ್ಲ, ಅಳತೆ. ತ್ರಿಭುಜಗಳು ಪಶ್ಚಿಮ ಕರಾವಳಿ ಮುಟ್ಟಿದಾಗ, ಮದರಾಸಿನಿಂದ ಮಂಗಳೂರಿಗೆ ಇರುವ ಅಗಲ ಹಿಂದಿನ ನಕ್ಷೆಗಳು ಹೇಳುತ್ತಿದ್ದ 400 ಮೈಲಿ ಅಲ್ಲ, ಸುಮಾರು 360 ಮೈಲಿ ಎಂದು ಗೊತ್ತಾಯಿತು. ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು! ಪಲ್ಲಕ್ಕಿ ಹೊರುವವನಿಗೆ ದಾರಿ ಗೊತ್ತಿರಬಹುದು, ಈ ತಪ್ಪು ಗೊತ್ತಿರಲು ಸಾಧ್ಯವಿರಲಿಲ್ಲ.

ಆತ ತನ್ನ ಕೆಲಸವನ್ನು ತಾನೇ ಪರೀಕ್ಷೆಗೆ ಒಡ್ಡಿದ ಎಂಬುದೂ ಮುಖ್ಯ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಆಧಾರರೇಖೆಯ ಅಳತೆ ಶುರುವಾಯಿತು. ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಆರಂಭವೆಂದು ಎಣಿಸುವುದು ಈ ದಿನವನ್ನೇ. ಅಲ್ಲಿಂದ ತ್ರಿಭುಜಗಳನ್ನು ಹೆಣೆಯುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿ ಮತ್ತೊಮ್ಮೆ ಸರಪಳಿ ಹಾಕಿ ನೋಡಿದರು. ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ!

ಲ್ಯಾಂಬ್ಟನ್‌ನ ಮನಸ್ಸು ನೆಟ್ಟಿದ್ದು ಭೂಮಿಯ ಆಕಾರವನ್ನು ತಿಳಿಯುವುದರಲ್ಲಿ. ಸರ್ಕಾರಕ್ಕೆ ಬೇಕಿದ್ದದ್ದು ಕಂದಾಯಕ್ಕೂ ಸೈನ್ಯಕ್ಕೂ ಒದಗುವ ನಕ್ಷೆ. ಒಂದೇ ಅಳತೆಯಿಂದ ಎರಡೂ ಆಗುವಂತೆ ಆತ ಕೆಲಸವನ್ನು ಹೊಂದಿಸಿದ. ಆ ನಕ್ಷೆ ಪರರ ಆಳ್ವಿಕೆಯನ್ನು ನಮ್ಮ ಮೇಲೆ ಬಿಗಿಗೊಳಿಸಿತು ಎಂಬುದನ್ನೂ ಮರೆಯಬಾರದು. ಹಣ ಕೊಡುವವರು ತಮಗೆ ಬೇಕಾದ್ದಕ್ಕೆ ಕೊಡುತ್ತಾರೆ. ಯಾರ ಹಣ, ಯಾರಿಗಾಗಿ ಎಂಬುದನ್ನು ಸಂಶೋಧಕ ಕಣ್ಣು ತೆರೆದು ನೋಡಬೇಕು. ಲ್ಯಾಂಬ್ಟನ್ 1823ರಲ್ಲಿ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಆತ ಹೂಡಿದ ಸರಣಿ ಮುಂದೆ ಹಿಮಾಲಯ ಮುಟ್ಟಿತು. ಎವರೆಸ್ಟ್ ಎಲ್ಲಕ್ಕಿಂತ ಎತ್ತರ ಎಂದು ಲೆಕ್ಕದಲ್ಲಿ ಕಂಡ ಗಣಿತಜ್ಞ ಬಂಗಾಳದ ರಾಧಾನಾಥ ಸಿಕ್ದರ್.

ಇಂದು ಕೇಳುವುದು ಯಾರನ್ನು?

ಈಗ ನಮ್ಮ ಕಾಲಕ್ಕೆ ಬರೋಣ. ವಿಶ್ವವಿದ್ಯಾಲಯದ ಅಥವಾ ಕಾಲೇಜಿನ ಅಧ್ಯಾಪಕರೊಬ್ಬರು ಸಂಶೋಧನೆಗೆ ಹಣ ಬೇಕೆಂದರೆ ಯಾರ ಬಾಗಿಲು ತಟ್ಟಬೇಕು? ಬಹುಕಾಲ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಆಮೇಲೆ 2008ರ ಕಾಯಿದೆಯಂತೆ ಬಂದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಈ ಕೆಲಸ ಮಾಡುತ್ತಿದ್ದವು. 2023ರಲ್ಲಿ ಸಂಸತ್ತು ಹೊಸ ಕಾಯಿದೆ ಮಾಡಿ, ಆ ಮಂಡಳಿಯನ್ನು ಒಳಗೊಂಡ ‘ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ’ವನ್ನು ಸ್ಥಾಪಿಸಿತು. ಇದಲ್ಲದೆ ಜೈವಿಕ ತಂತ್ರಜ್ಞಾನ ಇಲಾಖೆ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮುಂತಾದವು ತಮ್ಮ ತಮ್ಮ ಕ್ಷೇತ್ರಗಳಿಗೆ ಅನುದಾನ ಕೊಡುತ್ತವೆ.

ಅರ್ಜಿಯಲ್ಲಿ ಏನಿರಬೇಕು? ಪ್ರಶ್ನೆ ಏನು, ಇದುವರೆಗೆ ಯಾರು ಏನು ಮಾಡಿದ್ದಾರೆ, ನಾನು ಮಾಡುವುದು ಹೇಗೆ, ಯಾವ ತಿಂಗಳಲ್ಲಿ ಯಾವ ಕೆಲಸ, ಎಷ್ಟು ಖರ್ಚು, ಏಕೆ ಅಷ್ಟು. ಇದಕ್ಕೆ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಸೇರಬೇಕು. ಅದೇ ವಿಷಯ ಬಲ್ಲ ಬೇರೆ ಊರಿನ ತಜ್ಞರು ಓದಿ ಅಭಿಪ್ರಾಯ ಬರೆಯುತ್ತಾರೆ, ಸಮಿತಿ ಕುಳಿತು ತೂಗಿ ನೋಡುತ್ತದೆ.

ಇಲ್ಲಿ ಪೋಷಕರಲ್ಲಿರುವ ಒಂದು ತಪ್ಪು ಕಲ್ಪನೆಯನ್ನು ಹೋಗಲಾಡಿಸಬೇಕು. ‘ಆ ಮೇಷ್ಟ್ರಿಗೆ ಸರ್ಕಾರದಿಂದ ಇಪ್ಪತ್ತು ಲಕ್ಷ ಬಂತಂತೆ’ ಎಂದು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಮೇಷ್ಟ್ರ ಜೇಬಿಗೆ ಬರುವುದು ಏನೂ ಇಲ್ಲ! ಹಣ ಬರುವುದು ಸಂಸ್ಥೆಗೆ. ಉಪಕರಣ, ರಾಸಾಯನಿಕ, ಪ್ರವಾಸ, ಸಹಾಯಕರ ವೇತನ ಎಂದು ತಲೆಬರಹವಾರು ಖರ್ಚಾಗುತ್ತದೆ. ವರ್ಷದ ಕೊನೆಗೆ ರಸೀದಿಗಳನ್ನು ಹೊಂದಿಸಿ ಹಣ ಬಳಕೆಯ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಲಾಭ ಆಗುವುದು ಮುಖ್ಯವಾಗಿ ನಿಮ್ಮ ಮಕ್ಕಳಿಗೆ. ಯೋಜನೆಯಲ್ಲಿ ಸಹಾಯಕರಾಗಿ ಸೇರುವವರು ಎಂ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರೇ. ನೆಟ್, ಗೇಟ್‌ನಂಥ ರಾಷ್ಟ್ರೀಯ ಪರೀಕ್ಷೆಯಲ್ಲಿ ಗೆದ್ದು ಜೂನಿಯರ್ ರಿಸರ್ಚ್ ಫೆಲೋ ಆದವರಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ನಿಗದಿಯಾಯಿತು. ‘ಸಂಶೋಧನೆ ಮಾಡಿದರೆ ಹೊಟ್ಟೆಗೇನು?’ ಎಂಬ ಪ್ರಶ್ನೆಗೆ ಇದು ಒಂದು ಉತ್ತರ.

ಗೋಧಿಯ ಹಣ, ಗಿಡಗಳ ಗ್ರಂಥ

‘ಅದೆಲ್ಲ ಟಾಟಾ ಇನ್‌ಸ್ಟಿಟ್ಯೂಟ್‌ನವರಿಗೆ ಸರಿ, ನಮ್ಮಂಥ ಕಾಲೇಜಿನವರಿಗೆ ಯಾರು ಕೊಡುತ್ತಾರೆ?’ ಇದು ನಾನು ಹೆಚ್ಚಾಗಿ ಕೇಳುವ ಮಾತು. ಇದಕ್ಕೆ ದಂಡು ಪ್ರದೇಶದಲ್ಲೇ ಒಂದು ಉತ್ತರವಿದೆ. ಆಗ ರೆಸಿಡೆನ್ಸಿ ರಸ್ತೆಯಲ್ಲಿದ್ದ ಸೇಂಟ್ ಜೋಸೆಫ್ ಕಾಲೇಜಿನಲ್ಲಿ (2022ರಲ್ಲಿ ಅದು ವಿಶ್ವವಿದ್ಯಾಲಯವಾಗಿದೆ) ಸಸ್ಯಶಾಸ್ತ್ರ ಕಲಿಸುತ್ತಿದ್ದವರು ಫಾದರ್ ಸೆಸಿಲ್ ಸಲ್ಡಾನ. ಹಾಸನ ಜಿಲ್ಲೆಯ ಗಿಡಮರಗಳನ್ನೆಲ್ಲ ಹುಡುಕಿ, ಗುರುತಿಸಿ, ದಾಖಲಿಸುವ ಯೋಜನೆಯನ್ನು ಅವರು ಕೈಗೆತ್ತಿಕೊಂಡರು. ಹಾಸನವೇ ಏಕೆ? ಪಶ್ಚಿಮದಲ್ಲಿ ಘಟ್ಟದ ಮಳೆಕಾಡು, ಪೂರ್ವದಲ್ಲಿ ಒಣ ಬಯಲು. ಒಂದೇ ಜಿಲ್ಲೆಯಲ್ಲಿ ಎರಡು ಲೋಕ.

ಇದಕ್ಕೆ ನೆರವಾದ ಹಣದ ಮೂಲ ವಿಚಿತ್ರವಾದದ್ದು. ಐವತ್ತು, ಅರವತ್ತರ ದಶಕಗಳಲ್ಲಿ ಅಮೆರಿಕ ‘ಪಿ.ಎಲ್. 480’ ಎಂಬ ಕಾನೂನಿನಡಿ ನಮಗೆ ಗೋಧಿ ಮಾರುತ್ತಿತ್ತು. ಡಾಲರ್ ಇಲ್ಲದ ನಾವು ಬೆಲೆಯನ್ನು ರೂಪಾಯಿಯಲ್ಲೇ ಕೊಡುತ್ತಿದ್ದೆವು. ಆ ರೂಪಾಯಿಗಳ ಒಂದು ಭಾಗ ಇಲ್ಲಿಯೇ ಸಂಶೋಧನೆಗೆ ಖರ್ಚಾಗುತ್ತಿತ್ತು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮೂಲಕ ಆ ಹಣ ಹಾಸನದ ಕಾಡಿಗೆ ಬಂತು. ಅಲ್ಲಿನ ಸಸ್ಯಶಾಸ್ತ್ರಜ್ಞ ಡಾನ್ ನಿಕೋಲ್ಸನ್ ಜೊತೆ ಸೇರಿ ಸಲ್ಡಾನ ಅವರು 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬೃಹತ್ ಗ್ರಂಥ ಹೊರತಂದರು. 1984ರಲ್ಲೂ 1996ರಲ್ಲೂ ಇಡೀ ಕರ್ನಾಟಕದ ಸಸ್ಯಗಳ ಎರಡು ಸಂಪುಟಗಳು ಬಂದವು. ಕಾಲೇಜಿನ ಒಣಸಸ್ಯ ಸಂಗ್ರಹಕ್ಕೆ ‘ಜೆ.ಸಿ.ಬಿ.’ ಎಂದು ಹೆಸರು. ಮಣ್ಣು ಅಗೆಯುವ ಯಂತ್ರವಲ್ಲ, ‘ಜೋಸೆಫ್ಸ್ ಕಾಲೇಜ್ ಬ್ಯಾಂಗಲೋರ್’! ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಆ ಹೆಸರು ಉಳಿದುಕೊಂಡಿದೆ. ಹಣ ಖರ್ಚಾಗಿ ಅರ್ಧ ಶತಮಾನವಾದರೂ ಕೆಲಸ ಉಪಯೋಗಕ್ಕೆ ಬರುತ್ತಿದೆ.

ಪ್ರಶ್ನೆ ಸಣ್ಣದಿರಲಿ, ಹರಿತವಾಗಿರಲಿ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಕಾಲೇಜು ಅಧ್ಯಾಪಕಿ. ಅವಳ ಮೊದಲ ಅರ್ಜಿ ತಿರಸ್ಕೃತವಾಯಿತು. ತಜ್ಞರ ಟಿಪ್ಪಣಿ ಎರಡೇ ಸಾಲು: ‘ಉದ್ದೇಶಗಳು ಬಹಳ, ವಿಧಾನ ಅಸ್ಪಷ್ಟ.’ ಒಂದು ವಾರ ಬೇಸರದಲ್ಲಿದ್ದಳಂತೆ. ಆಮೇಲೆ ಏಳು ಉದ್ದೇಶಗಳಲ್ಲಿ ಐದನ್ನು ಹೊಡೆದುಹಾಕಿ, ಉಳಿದೆರಡಕ್ಕೆ ಆರು ತಿಂಗಳು ಪೂರ್ವಸಿದ್ಧತೆ ಮಾಡಿ, ಮತ್ತೆ ಬರೆದಳು. ಎರಡನೆಯ ಸಲ ಸಿಕ್ಕಿತು. ಎಲ್ಲರಿಗೂ ಎರಡನೆಯ ಸಲ ಸಿಗುತ್ತದೆಂದಲ್ಲ. ಅರ್ಜಿ ಹಾಕಿದವರಲ್ಲಿ ಸಿಗದವರೇ ಹೆಚ್ಚು. ಆದರೆ ತಿರಸ್ಕಾರದ ಆ ಎರಡು ಸಾಲು ದುಡ್ಡು ಕೊಟ್ಟರೂ ಸಿಗದ ಪಾಠ.

ಒಂದು ಉದಾಹರಣೆಯಿಂದ ನೋಡೋಣ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ಒಬ್ಬ ಅರ್ಜಿದಾರ ‘ಹಲಸೂರು ಕೆರೆಯ ಸಮಗ್ರ ಅಧ್ಯಯನ’ ಎಂದು ಬರೆಯುತ್ತಾನೆ. ಇನ್ನೊಬ್ಬಳು, ‘ಬೇಸಿಗೆಯ ಮೊದಲ ಮಳೆ ಬಿದ್ದ ಮೂರು ದಿನಗಳಲ್ಲಿ, ಚರಂಡಿ ಸೇರುವ ಬದಿಯಲ್ಲೂ ಎದುರು ದಡದಲ್ಲೂ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು ಇಳಿಯುತ್ತದೆ? ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ವ್ಯತ್ಯಾಸವೆಷ್ಟು?’ ಎಂದು ಬರೆಯುತ್ತಾಳೆ. ಯಾರಿಗೆ ಕೊಡುತ್ತೀರಿ? ಮೊದಲನೆಯದರಲ್ಲಿ ಕೆರೆ ದೊಡ್ಡದು, ಪ್ರಶ್ನೆಯೇ ಇಲ್ಲ. ಎರಡನೆಯದರಲ್ಲಿ ಏನು ಅಳೆಯಬೇಕು, ಯಾವಾಗ, ಎಲ್ಲಿ, ಯಾವ ಉಪಕರಣದಿಂದ ಎಂಬುದೆಲ್ಲ ಪ್ರಶ್ನೆಯೊಳಗೇ ಇದೆ. ಖರ್ಚಿನ ಪಟ್ಟಿ ತಾನಾಗಿ ಹುಟ್ಟುತ್ತದೆ. ಮಳೆ ಬಾರದಿದ್ದರೆ ಏನು ಮಾಡುವಿರಿ ಎಂಬುದಕ್ಕೂ ಒಂದು ಸಾಲು ಬರೆದರೆ ಅರ್ಜಿ ಗಟ್ಟಿಯಾಗುತ್ತದೆ.

ಬಾಗಿಲ ಹೊರಗೆ ನಿಂತವರು

ಎಲ್ಲ ದೋಷ ಅರ್ಜಿದಾರರದೇ ಅಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆದ ಮೇಲೆ ನಗರದ ಪೂರ್ವ ಭಾಗದ ಹಲವು ಕಾಲೇಜುಗಳು ಹೊಸ ವಿಶ್ವವಿದ್ಯಾಲಯಗಳಿಗೆ ಸೇರಿವೆ. ಹೊಸ ವಿಶ್ವವಿದ್ಯಾಲಯವೆಂದರೆ ಹೊಸ ಫಲಕ ಬಂದಷ್ಟು ಬೇಗ ಹೊಸ ಪ್ರಯೋಗಾಲಯ ಬರುವುದಿಲ್ಲ. ರಾಜ್ಯದ ಪದವಿ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತವರಲ್ಲಿ ಬಹಳಷ್ಟು ಮಂದಿ ಅತಿಥಿ ಉಪನ್ಯಾಸಕರು. ಅನುದಾನದ ನಿಯಮಗಳು ಸಾಮಾನ್ಯವಾಗಿ ಕಾಯಂ ಹುದ್ದೆ ಕೇಳುತ್ತವೆ. ಪಿಎಚ್.ಡಿ. ಇದ್ದರೂ, ಒಳ್ಳೆಯ ಪ್ರಶ್ನೆ ಇದ್ದರೂ, ಅವರು ಬಾಗಿಲ ಹೊರಗೆ. ದೇಶ ಸಂಶೋಧನೆಗೆ ತೊಡಗಿಸುವುದು 2020–21ರ ಲೆಕ್ಕದಂತೆ ಒಟ್ಟು ಉತ್ಪನ್ನದ ಶೇಕಡ 0.64 ಮಾತ್ರ. ಇರುವ ಹಣ ಪಳಗಿದ ಸಂಸ್ಥೆಗಳಿಗೇ ಹರಿಯುವುದು ಸಹಜ. ಹೊಸ ಪ್ರತಿಷ್ಠಾನ ದೊಡ್ಡ ಸಂಸ್ಥೆಗಳ ಜೊತೆ ರಾಜ್ಯ ವಿಶ್ವವಿದ್ಯಾಲಯಗಳನ್ನು ಕಟ್ಟಿಹಾಕುವ ಯೋಜನೆಯೊಂದನ್ನು 2024ರಲ್ಲಿ ಪ್ರಕಟಿಸಿತು. ಅದು ಒಳ್ಳೆಯದೇ. ಆದರೆ ಕಾಯಂ ಅಧ್ಯಾಪಕರೇ ಇಲ್ಲದ ವಿಭಾಗಕ್ಕೆ ಯಾವ ಯೋಜನೆ ಬಂದರೂ ಸಹಿ ಹಾಕುವವರು ಯಾರು? ಮಗುವನ್ನು ಕಾಲೇಜಿಗೆ ಸೇರಿಸುವಾಗ ಕಟ್ಟಡ, ಶುಲ್ಕ, ಕೆಲಸ ಕೊಡಿಸುವ ಕಂಪೆನಿಗಳ ಪಟ್ಟಿ ವಿಚಾರಿಸುವ ಪೋಷಕರು, ವಿಭಾಗದಲ್ಲಿ ಕಾಯಂ ಅಧ್ಯಾಪಕರೆಷ್ಟು, ನಡೆಯುತ್ತಿರುವ ಸಂಶೋಧನಾ ಯೋಜನೆಗಳೆಷ್ಟು ಎಂದೂ ಕೇಳಬೇಕು. ಕೇಳುವವರಿದ್ದರೆ ಮಾತ್ರ ಬದಲಾವಣೆ ಬರುತ್ತದೆ.

ಈಗಲೇ ಕಲಿಯಬಹುದು

ಅರ್ಜಿ ಬರೆಯುವ ವಿದ್ಯೆಗೆ ಪಿಎಚ್.ಡಿ.ವರೆಗೆ ಕಾಯಬೇಕಾಗಿಲ್ಲ. ಆರನೆಯ ತರಗತಿಯಿಂದ ಮೇಲಿನವರಿಗೆ ಕೇಂದ್ರದ ‘ಇನ್‌ಸ್ಪೈರ್–ಮಾನಕ್’ ಯೋಜನೆ ಇದೆ. ಶಾಲೆಯ ಮೂಲಕ ಕಳಿಸಿದ ಆಲೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. 1993ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ತಮ್ಮ ಊರಿನದೇ ಸಮಸ್ಯೆಯ ಮೇಲೆ ಯೋಜನೆ ಮಾಡಿಕೊಂಡು ಹೋದ ಮಕ್ಕಳು ಎಷ್ಟೋ ಮಂದಿ. ಎಂಜಿನಿಯರಿಂಗ್ ಕೊನೆಯ ವರ್ಷದವರ ಯೋಜನೆಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಂದ ನೆರವು ಕೊಡುತ್ತ ಬಂದಿದೆ. ಪದವಿ ಓದುವವರೂ ಅಧ್ಯಾಪಕರೂ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ ದೊಡ್ಡ ಪ್ರಯೋಗಾಲಯಗಳಲ್ಲಿ ಎರಡು ತಿಂಗಳು ಕೆಲಸ ಮಾಡಬಹುದು.

ನನ್ನ ತರಗತಿಯಲ್ಲಿ ಒಂದು ಅಭ್ಯಾಸವಿದೆ. ಒಂದು ಹಾಳೆ, ನಾಲ್ಕು ಪ್ರಶ್ನೆ. ಏನು ತಿಳಿಯಬೇಕು? ಅದು ಯಾರಿಗೆ ಬೇಕು? ಹೇಗೆ ತಿಳಿಯುತ್ತೀ? ಎಷ್ಟು ಖರ್ಚು? ಬರೆದ ಹಾಳೆಯನ್ನು ವಿಜ್ಞಾನ ಗೊತ್ತಿಲ್ಲದ ಅಜ್ಜಿಗೋ ನೆರೆಯ ಅಂಗಡಿಯವರಿಗೋ ಓದಿ ಹೇಳಬೇಕು. ಅವರಿಗೆ ಅರ್ಥವಾಗದಿದ್ದರೆ ಮತ್ತೆ ಬರೆಯಬೇಕು. ಖರ್ಚಿನ ಕಾಲಂನಲ್ಲಿ ಮಕ್ಕಳು ಮೊದಮೊದಲು ‘ಸಾವಿರ ರೂಪಾಯಿ’ ಎಂದು ಗುಂಡಾಗಿ ಬರೆಯುತ್ತಾರೆ. ಏತಕ್ಕೆ ಎಂದು ಕೇಳಿದ ಮೇಲೆ ಉಷ್ಣಮಾಪಕ, ಬಾಟಲಿ, ಶಿವಾಜಿನಗರಕ್ಕೆ ಬಸ್ ಚಾರ್ಜು ಎಂದು ಬಿಡಿಸಿ ಬರೆಯುತ್ತಾರೆ, ಮೊತ್ತ ಮುನ್ನೂರಕ್ಕೆ ಇಳಿಯುತ್ತದೆ. ಆಗ ಅವರಿಗೆ ಲೆಕ್ಕ ಮಾತ್ರವಲ್ಲ, ಕೆಲಸವೂ ಅರ್ಥವಾಗಿರುತ್ತದೆ.

ಅಳುವ ಮಗುವಿಗೆ ಹಾಲು ಎಂಬ ಮಾತಿದೆ. ಆದರೆ ಅನುದಾನದ ಅರ್ಜಿ ಅಳುವುದೂ ಅಲ್ಲ, ಬೇಡುವುದೂ ಅಲ್ಲ. ನನಗೆ ಗೊತ್ತಿಲ್ಲದ್ದು ಇಷ್ಟು, ಅದನ್ನು ತಿಳಿಯುವ ದಾರಿ ಹೀಗೆ, ಜನರ ಹಣದಲ್ಲಿ ಇಷ್ಟು ಕೊಟ್ಟರೆ ಇಷ್ಟು ದಿನದಲ್ಲಿ ಲೆಕ್ಕ ಒಪ್ಪಿಸುತ್ತೇನೆ ಎಂದು ಕೊಡುವ ಮಾತು ಅದು. ಮಕ್ಕಳು ಇಂದು ಸಂಜೆಯೇ ಒಂದು ಹಾಳೆ ತೆಗೆದುಕೊಳ್ಳಲಿ. ಪೋಷಕರು ಓದಿ ನೋಡಿ, ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಪ್ರಶ್ನೆ ಕೇಳಲಿ.